ಮಧ್ಯಾಹ್ನದ ಮೇಲೆ ಬರಬೇಡ

ನಾನು ಕೆಲಸ ಮಾಡುತ್ತಿದ್ದ ನೂಲಿನ ಗಿರಣಿ ಮುಚ್ಚಿದ್ದು ತೊಂಬತ್ತರ ದಶಕದ ಮೊದಲ ಭಾಗದಲ್ಲಿ, ಒಂದು ಸೋಮವಾರ. ಭಾನುವಾರ ನಮಗೆ ವಾರದ ರಜೆ. ಮಾರನೆಯ ದಿನ ಮೊದಲ ಶಿಫ್ಟಿಗೆಂದು ಪಾಲಹಳ್ಳಿ ಹತ್ತಿರದ ನಮ್ಮೂರಿನಿಂದ ಸೈಕಲ್ ತುಳಿದು, ದೊಡ್ಡ ರಸ್ತೆಯಲ್ಲಿ ಬಸ್ಸು ಹಿಡಿದು, ಗಿರಣಿಯ ಮುಂದೆ ಇಳಿದರೆ ಗೇಟಿಗೆ ಬೀಗ. ಪಕ್ಕದ ಗೋಡೆಗೆ ಟೈಪು ಮಾಡಿದ ಒಂದು ಹಾಳೆ ಅಂಟಿಸಿದ್ದರು. ಓದಲು ಬರುವವರು ಓದಿದರು, ಬಾರದವರಿಗೆ ಹೇಳಿದರು. ಎಲ್ಲರಿಗೂ ಅರ್ಥವಾಯಿತು. ಆದರೆ ಒಬ್ಬರೂ ಮನೆಗೆ ಹೊರಡಲಿಲ್ಲ. ಎದುರಿನ ಹೊಂಗೆ ಮರದ ಕೆಳಗೆ ಕೂತೆವು, ಕಟ್ಟಿಕೊಂಡು ಬಂದಿದ್ದ ಬುತ್ತಿಯನ್ನು ಊಟದ ಹೊತ್ತಿಗೇ ಬಿಚ್ಚಿ ಉಂಡೆವು. ಶಿಫ್ಟು ಬಿಡುವ ಸಮಯಕ್ಕೆ ಸರಿಯಾಗಿ ಎದ್ದು, ದಿನದ ಬಸ್ಸಿಗೇ ಹತ್ತಿ ಊರಿಗೆ ಬಂದೆವು.

ಆಗ ನನಗೆ ಮೂವತ್ತೆರಡು. ಹನ್ನೊಂದು ವರ್ಷ ಅದೇ ಗಿರಣಿಯಲ್ಲಿ ದುಡಿದಿದ್ದೆ. ಮನೆಯಲ್ಲಿ ತಾಯಿ, ಹೆಂಡತಿ, ಎರಡನೆಯ ಕ್ಲಾಸಿನಲ್ಲಿದ್ದ ಮಗಳು. ಯಂತ್ರಗಳ ಗದ್ದಲಕ್ಕೆ ಒಗ್ಗಿ ನನ್ನ ಗಂಟಲೂ ಜೋರಾಗಿತ್ತು. ಮನೆಯೊಳಗೆ ನೀರು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಅಷ್ಟು ಗಟ್ಟಿಯಾಗಿ ಕೇಳುತ್ತೀರಿ ಎಂದು ಹೆಂಡತಿ ನಗುತ್ತಿದ್ದಳು. ಗಿರಣಿ ಮುಚ್ಚಿದ ಮೇಲೆ ಕೆಲವೇ ವಾರಗಳಲ್ಲಿ ನನ್ನ ದನಿ ಇಳಿದುಹೋಯಿತು. ಅದನ್ನು ಮೊದಲು ಗಮನಿಸಿದವಳೂ ಅವಳೇ.

ಮೊದಮೊದಲು ಊರಿನವರು ಬಂದರು. ಸಾವಿನ ಮನೆಗೆ ಬರುವಂತೆ ಬಂದರು, ಜಗಲಿಯ ಮೇಲೆ ಕೂತರು, ತಲೆಗೊಂದು ದಾರಿ ಹೇಳಿದರು. ಒಬ್ಬರು ಎಮ್ಮೆ ಕಟ್ಟು ಅಂದರು, ಇನ್ನೊಬ್ಬರು ಮೈಸೂರಿನಲ್ಲಿ ತಮಗೆ ಗೊತ್ತಿರುವವರು ಇದ್ದಾರೆ ಅಂದರು. ಅವರೇಕಾಯಿಯೋ ಬದನೆಕಾಯಿಯೋ ತಂದುಕೊಟ್ಟವರೂ ಇದ್ದರು. ಗದ್ದೆ ನೋಡಿಕೊಳ್ಳುತ್ತಿದ್ದ ನಮ್ಮಣ್ಣ, ಇಬ್ಬರ ಪಾಲೂ ಒಟ್ಟಿಗೇ ಇದೆಯಲ್ಲ, ನಾಳೆಯಿಂದ ನೀರು ಕಟ್ಟಲು ಬಾ ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಕರೆದದ್ದು. ಮೂರು ದಿನ ಹೋದೆ. ಮೂರನೆಯ ದಿನ, ನಾಟಿ ಹಾಕುತ್ತಿದ್ದ ಹೆಂಗಸರ ಮುಂದೆ ಅವನು ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡು, ಹೀಗೆ ಹಿಡಿಯಬೇಕು ಎಂದು ತೋರಿಸಿದ. ಹೆಂಗಸರು ನಕ್ಕಿದ್ದು ಬೇರೆ ಯಾವುದಕ್ಕೋ ಇರಬಹುದು. ನಾಲ್ಕನೆಯ ದಿನ ನಾನು ಹೋಗಲಿಲ್ಲ.

ಆಮೇಲೆ ಬರುವವರು ಕಡಿಮೆಯಾದರು. ಬಸ್ಸು ನಿಲ್ಲುವ ಜಾಗದಲ್ಲಿ ಸಿಕ್ಕಿದವರು ಮಾತ್ರ, ಇನ್ನೂ ಗಿರಣಿ ತೆಗೆಯಲಿಲ್ಲವಾ ಎಂದು ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಆದರೆ ದಿನಕ್ಕೆ ನಾಲ್ಕು ಸಲ ಅದಕ್ಕೆ ಉತ್ತರ ಕೊಡುವವನಿಗೆ ಗೊತ್ತು. ನಾನು ಊರ ಮುಂದಿನ ದಾರಿ ಬಿಟ್ಟು ಹಿತ್ತಲ ದಾರಿಯಲ್ಲಿ ಓಡಾಡಲು ಶುರುಮಾಡಿದೆ. ಹಿತ್ತಲ ದಾರಿ ನಾಲೆಯ ಏರಿಗೆ ಹೋಗುತ್ತದೆ. ಏರಿಯ ಮೇಲೆ ಅರ್ಧ ಮೈಲಿ ನಡೆದರೆ ಗದ್ದೆಗಳಿಗೆ ನೀರು ಬಿಡುವ ತೂಬು, ತೂಬಿನ ಪಕ್ಕ ಒಂದು ಕಲ್ಲುಕಟ್ಟೆ. ಅಲ್ಲಿ ಜಾಬರು ಕೂತಿರುತ್ತಿದ್ದರು.

ಯಂತ್ರಗಳನ್ನು ಬಿಚ್ಚಿ ಜೋಡಿಸಿ ಹದದಲ್ಲಿಡುವ ಮೇಸ್ತ್ರಿಯನ್ನು ಗಿರಣಿಯಲ್ಲಿ ಜಾಬರು ಎನ್ನುತ್ತಾರೆ. ಇವರು ನಮ್ಮ ವಿಭಾಗದ ಜಾಬರು, ಐವತ್ತರ ಮೇಲಿನವರು, ನಮ್ಮ ಪಕ್ಕದ ಊರಿನವರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ಕೆ.ಆರ್. ಪೇಟೆ ಕಡೆ ಕೊಟ್ಟಿದ್ದರು. ಹತ್ತು ಯಂತ್ರ ಒಟ್ಟಿಗೆ ಓಡುತ್ತಿರುವಾಗ ಬಾಗಿಲಲ್ಲಿ ನಿಂತೇ, ಆರನೆಯದರಲ್ಲಿ ಬೇರಿಂಗು ಹೋಗುತ್ತಿದೆ ಎನ್ನಬಲ್ಲ ಮನುಷ್ಯ. ಗಿರಣಿ ಮುಚ್ಚಿದ ಮೇಲೆ ಅವರ ಸುತ್ತ ನಮ್ಮಂಥ ಆರೇಳು ಜನ ಸೇರಿದೆವು. ಅಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಕೇಳುವುದೇನಿದೆ, ಎಲ್ಲರದೂ ಒಂದೇ ಸುದ್ದಿ. ಬೀಡಿ ಸೇದುತ್ತ ಗಿರಣಿಯ ಹಳೆಯ ಮಾತು ಆಡುತ್ತಿದ್ದೆವು.

ಅದಕ್ಕೆ ಮುಂಚೆ ನಾನು ಕುಡಿಯುತ್ತಿದ್ದದ್ದು ವರ್ಷಕ್ಕೆ ಎರಡು ಮೂರು ಸಲ, ಮಾರಿಹಬ್ಬಕ್ಕೋ ಬೀಗರ ಊಟಕ್ಕೋ. ಕಟ್ಟೆಯ ಮೇಲೆ ಮೊದಲ ಸಾರಾಯಿ ಪ್ಯಾಕೆಟ್ಟು ಯಾರು ತಂದರು ಎನ್ನುವುದು ನೆನಪಿಲ್ಲ. ಆಗ ಸರ್ಕಾರಿ ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದರೆ ಆಯಿತು, ಲೋಟವೂ ಬೇಡ. ವಾರಕ್ಕೊಂದು ಸಲ ಎಂದಿದ್ದದ್ದು ದಿನ ಬಿಟ್ಟು ದಿನವಾಯಿತು, ಆಮೇಲೆ ದಿನವೂ. ಮಧ್ಯಾಹ್ನ ಎರಡರ ಹೊತ್ತಿಗೆ ನನ್ನ ಕಾಲು ತಾನಾಗಿಯೇ ಏರಿಯ ಕಡೆ ತಿರುಗುತ್ತಿತ್ತು.

ಅಲ್ಲಿದ್ದವರನ್ನು ಕೆಟ್ಟವರೆಂದು ಹೇಳಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ನಮ್ಮವ್ವ ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಾಗ, ಕುರ್ಚಿಯಲ್ಲಿ ಕೂರಿಸಿ ರಸ್ತೆಯವರೆಗೆ ಹೊತ್ತು, ಶ್ರೀರಂಗಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕಟ್ಟು ಹಾಕಿಸಿ ಕರೆತಂದವರು ಅವರೇ. ನೆಂಟರು ಸುದ್ದಿ ತಿಳಿದು ಬರುವಷ್ಟರಲ್ಲಿ ಅವ್ವ ಕಾಫಿ ಕುಡಿದು ಕೂತಿದ್ದಳು. ಆ ದಿನ ಸಂಜೆ ನಾವೆಲ್ಲ ಕಟ್ಟೆಗೆ ಹೋಗಿ, ಪಾಪ ಮುದುಕಿ ಎಷ್ಟು ನೊಂದಳೋ ಎಂದು ಮರುಗಿ, ಅದಕ್ಕೂ ಕುಡಿದೆವು. ದುಃಖಕ್ಕೂ ಅದೇ, ಸಮಾಧಾನಕ್ಕೂ ಅದೇ ಆಗಿಹೋಗಿತ್ತು.

ಗಿರಣಿ ಮುಚ್ಚಿ ಒಂದು ವರ್ಷವಾಗುವ ಹೊತ್ತಿಗೆ ಹೆಂಡತಿಗೆ ಊರ ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಮಕ್ಕಳನ್ನು ಮನೆಮನೆಯಿಂದ ಕರೆತರುವುದು, ಕೈಕಾಲು ತೊಳೆಸುವುದು, ಅಡುಗೆ ಮಾಡಿ ಬಡಿಸುವುದು. ಅವಳು ಬೆಳಿಗ್ಗೆ ತಲೆ ಬಾಚಿ, ಒಗೆದ ಸೀರೆ ಉಟ್ಟು ಹೊರಡುವಾಗ ನಾನು ಜಗಲಿಯಲ್ಲಿ ಕೂತಿರುತ್ತಿದ್ದೆ. ಅವಳು ಹೋಗಿಬರುತ್ತೇನೆ ಎನ್ನುತ್ತಿದ್ದಳು. ಹನ್ನೊಂದು ವರ್ಷ ನಾನು ಅವಳಿಗೆ ಹೇಳಿದ್ದ ಮಾತು ಅದು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ, ಆದರೆ ಆ ಮಾತು ಕೇಳಲು ಆಗುತ್ತಿರಲಿಲ್ಲ.

ಒಂದು ದಿನ ಕಟ್ಟೆಯಿಂದ ಮನೆಗೆ ಬರುತ್ತ, ಬಿಸಿಲಿಗೋ ಏನೋ, ತಲೆ ತಿರುಗಿತು. ಅಂಗನವಾಡಿಯ ಬಾಗಿಲು ತೆರೆದಿತ್ತು. ಒಳಗೆ ತಂಪಿತ್ತು. ಊಟವಾದ ಮೇಲೆ ಮಕ್ಕಳನ್ನು ಸಾಲಾಗಿ ಚಾಪೆಯ ಮೇಲೆ ಮಲಗಿಸಿದ್ದರು. ನಾನು ಆ ಸಾಲಿನ ತುದಿಯಲ್ಲಿ ಮಲಗಿಬಿಟ್ಟೆ.

ಎಚ್ಚರವಾದಾಗ ನನ್ನ ಮೈಮೇಲೆ ಒಂದು ದುಪ್ಪಟಿ ಇತ್ತು. ಮೂರು ವರ್ಷದ ಒಂದು ಹುಡುಗಿ ನನ್ನ ತಲೆಯ ಹತ್ತಿರ ಕೂತು, ತನ್ನ ಬೆಲ್ಲದುಂಡೆಯ ಅರ್ಧವನ್ನು ನನ್ನ ತುಟಿಗೆ ಒತ್ತುತ್ತಿದ್ದಳು. ನಾನು ಕಣ್ಣು ಬಿಟ್ಟದ್ದು ಕಂಡು, ಮಾವ ಎದ್ದ ಎಂದು ಕೂಗಿದಳು. ಹೆಂಡತಿ ಹೊಸ್ತಿಲ ಮೇಲೆ ಬಾಗಿಲಿಗೆ ಅಡ್ಡವಾಗಿ ಕೂತು ಅವರೆ ಸುಲಿಯುತ್ತಿದ್ದಳು. ಬೀದಿಯಲ್ಲಿ ಹೋಗುವವರಿಗೆ ಒಳಗಿನದು ಕಾಣದಿರಲಿ ಎಂದು ಅಲ್ಲಿ ಕೂತಿದ್ದಾಳೆಂದು ನನಗೆ ಆಮೇಲೆ ಹೊಳೆಯಿತು. ಟೀಚರಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡು ರಿಜಿಸ್ಟರು ಬರೆಯುತ್ತಿದ್ದರು. ಅವರು ನೋಡಲಿಲ್ಲ ಎಂದಲ್ಲ. ನೋಡಿಯೂ ಆ ಕಡೆ ತಿರುಗಿದ್ದರು. ಮೇಲಿನವರಿಗೆ ಒಂದು ಮಾತು ಹೇಳಿದ್ದರೆ ನನ್ನ ಹೆಂಡತಿಯ ಕೆಲಸ ಅಂದೇ ಹೋಗುತ್ತಿತ್ತು.

ಮನೆಗೆ ಬಂದ ಮೇಲೆ ಬೈಗುಳಕ್ಕೆ ಕಾದು ಕೂತೆ. ಅವಳು ಬೈಯಲಿಲ್ಲ. ಮುದ್ದೆ ಕಟ್ಟಿ, ಸಾರು ಬಿಟ್ಟು, ನಾನು ಉಣ್ಣುವವರೆಗೆ ಎದುರಿಗೆ ಕೂತಿದ್ದು ಹೇಳಿದಳು.

"ನಾಗಮಂಗಲಕ್ಕೆ ಅಕ್ಕನ ಮನೆಗೆ ಹೇಳಿ ಕಳಿಸಿದ್ದೀನಿ. ವಸಿ ದಿನ ಅಲ್ಲಿದ್ದು ಬನ್ನಿ. ಭಾವಂಗೆ ಎಲ್ಲಾ ಗೊತ್ತು."

ಭಾವ ಎಂದರೆ ಅವಳ ಅಕ್ಕನ ಗಂಡ, ನನಗೆ ಷಡ್ಡಕ. ಷಡ್ಡಕರ ನಡುವೆ ಯಾವಾಗಲೂ ಒಂದು ತೂಗಿ ನೋಡುವ ಲೆಕ್ಕ ಇರುತ್ತದೆ. ಮಾವನ ಮನೆಯಲ್ಲಿ ಯಾರಿಗೆ ಮೊದಲು ಎಲೆ ಹಾಕಿದರು, ಯಾರ ಹೆಂಡತಿಯ ಕೊರಳಲ್ಲಿ ಏನಿದೆ ಎನ್ನುವಂಥದ್ದು. ಆತ ನಾಗಮಂಗಲದ ಒಂದು ಕಚೇರಿಯಲ್ಲಿ ಜವಾನ. ನಾನು ಗಿರಣಿಯ ಕಾರ್ಮಿಕನೆಂಬ ಹೆಮ್ಮೆಯಲ್ಲಿದ್ದಾಗ ಅವನ ಖಾಕಿ ಬಟ್ಟೆಯನ್ನು ಮನಸ್ಸಿನಲ್ಲೇ ಆಡಿಕೊಂಡವನು. ಈಗ ಅವನ ಮನೆಯಲ್ಲಿ ಉಂಡು ಮಲಗಬೇಕು. ಹೋಗುವುದಿಲ್ಲ ಎಂದೆ. ಹೆಂಡತಿ ಎದ್ದು ಹೋಗಿ ನನ್ನ ಎರಡು ಪಂಚೆ, ಎರಡು ಅಂಗಿ ಮಡಿಸಿ ಚೀಲಕ್ಕೆ ಹಾಕಿದಳು.

ನಾಗಮಂಗಲಕ್ಕೆ ಹೋಗುವಾಗ ದಾರಿಯಲ್ಲಿ ನಾಲೆ ಮುಗಿದುಹೋಗುತ್ತದೆ. ಪಾಂಡವಪುರ ದಾಟಿ ಸ್ವಲ್ಪ ದೂರದಲ್ಲೇ ಗದ್ದೆಯ ಹಸಿರು ಹೋಗಿ, ರಾಗಿ ಹೊಲ, ಕೆಂಪು ಮಣ್ಣು, ತೆಂಗಿನ ತೋಟ. ಬಸ್ಸು ಇಳಿದಾಗ ಷಡ್ಡಕ ನಿಂತಿದ್ದ. ಹೇಗಿದ್ದೀಯ ಎಂದೂ ಕೇಳಲಿಲ್ಲ. ಚೀಲ ತೆಗೆದುಕೊಂಡು, ಮೊದಲು ಆಸ್ಪತ್ರೆಗೆ ಹೋಗಿ ಬರೋಣ ಎಂದ. ಒಂದೇ ಸಲ ನಿಲ್ಲಿಸಿದರೆ ಮೈ ಸುಮ್ಮನಿರುವುದಿಲ್ಲ, ಡಾಕ್ಟರಿಗೆ ಮೊದಲೇ ಹೇಳಬೇಕು ಎನ್ನುವುದು ಅವನಿಗೆ ತಿಳಿದಿತ್ತು. ಡಾಕ್ಟರು ನಾಲಿಗೆ, ಕಣ್ಣು ನೋಡಿದರು, ನನ್ನ ಎರಡೂ ಕೈ ಮುಂದಕ್ಕೆ ಚಾಚಿಸಿ ನಡುಕ ನೋಡಿದರು, ಮಾತ್ರೆ ಕೊಟ್ಟು ದಿನ ಬಿಟ್ಟು ದಿನ ಬಂದು ತೋರಿಸಲು ಹೇಳಿದರು.

ಮೊದಲ ಐದಾರು ದಿನ ಹೇಳಿಕೊಳ್ಳುವಂಥದ್ದಲ್ಲ. ಬೆವರು, ವಾಂತಿ, ಮೈಮೇಲೆ ಇರುವೆ ಹರಿದಂತೆ. ಷಡ್ಡಕನ ಹೆಂಡತಿ, ನನ್ನ ಅತ್ತಿಗೆ, ಗಂಜಿ ಕಾಯಿಸಿ ಕೊಡುತ್ತಿದ್ದಳು. ಅವಳ ಕಣ್ಣಿಗೆ ಕಣ್ಣು ಕೊಡಲು ನಾಚಿಕೆಯಾಗಿ ಗೋಡೆ ನೋಡಿಕೊಂಡು ಕುಡಿಯುತ್ತಿದ್ದೆ. ಮೈ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಬೇರೆ ಕಷ್ಟ ಶುರುವಾಯಿತು. ಬೆಳಿಗ್ಗೆ ಹೇಗೋ ಕಳೆಯುತ್ತಿತ್ತು, ಮಧ್ಯಾಹ್ನ ಮಲಗುತ್ತಿದ್ದೆ. ಹೊತ್ತು ಇಳಿಯುವ ವೇಳೆಗೆ ಎದೆಯೊಳಗೆ ಯಾರೋ ಕೂತು ಎಳೆಯುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಷಡ್ಡಕ ಕಚೇರಿಯಿಂದ ಬಂದು, ಖಾಕಿ ಬಿಚ್ಚಿ, ಟವೆಲು ಸುತ್ತಿಕೊಂಡು, ತೋಟಕ್ಕೆ ಬಾ ಎನ್ನುತ್ತಿದ್ದ.

ತೋಟವೆಂದರೆ ಊರ ಹೊರಗಿನ ಸ್ವಲ್ಪ ಜಾಗ. ಆ ವರ್ಷ ಹೊಸದಾಗಿ ಮೂವತ್ತು ತೆಂಗಿನ ಸಸಿ ನೆಟ್ಟಿದ್ದ. ಒಂದೊಂದಕ್ಕೆ ಎರಡೆರಡು ಕೊಡ ನೀರು, ದೂರದ ಕೈಪಂಪಿನಿಂದ ಹೊತ್ತು ತರಬೇಕು. ಇಬ್ಬರೂ ಹೊರುತ್ತಿದ್ದೆವು. ಕೊನೆಯ ಸಸಿಗೆ ನೀರು ಹಾಕುವಷ್ಟರಲ್ಲಿ ಕತ್ತಲಾಗಿರುತ್ತಿತ್ತು, ತೋಳು ಬಿದ್ದುಹೋಗಿರುತ್ತಿತ್ತು, ಹಸಿವು ಬೇರೆಲ್ಲವನ್ನೂ ಮರೆಸುತ್ತಿತ್ತು. ಹತ್ತಿಪ್ಪತ್ತು ದಿನ ಕಳೆದ ಮೇಲೆ ನಾನೇ ಕೇಳಿದೆ, ಪಕ್ಕದ ತೋಟದವರ ಬೋರ್‌ವೆಲ್ಲಿನಿಂದ ಪೈಪು ಎಳೆದರೆ ಅರ್ಧ ಗಂಟೆಯ ಕೆಲಸವಲ್ಲವೇ ಅಣ್ಣ ಎಂದು. ಅವರು ಬೇಡ ಎನ್ನುವವರಲ್ಲ.

ಆತ ಕೊಡ ಕೆಳಗಿಟ್ಟು ತೋಟದ ಬದುವಿನ ಮೇಲೆ ಕೂತ.

"ಅರ್ಧ ಗಂಟೇಲಿ ಮುಗುದ್ರೆ ಉಳಿದ ಒತ್ತು ಏನ್ಮಾಡಾದು?" ಎಂದ. "ನಾನೂ ಕುಡೀತಿದ್ದೆ ಕಣ್ಲಾ. ನಿಮ್ಮತ್ತಿಗೆಗೂ ನಿಮ್ಮಾವಂಗೂ ಬುಟ್ರೆ ಯಾರ್ಗೂ ಗೊತ್ತಿಲ್ಲ. ಕೆಲಸ ಇತ್ತು ಅಂತ ಮುಚ್ಚೋಯ್ತು, ಅಷ್ಟೆಯ. ನಂಗೂ ಈ ಒತ್ತೇ ಆಗ್ತಿರ್ಲಿಲ್ಲ. ಈಗ್ಲೂ ಆಗಾಕಿಲ್ಲ."

ಅಲ್ಲಿಯವರೆಗೆ ಅವನು ನನ್ನನ್ನು ಮರ್ಯಾದೆಗೆ ಕಣಪ್ಪ ಎನ್ನುತ್ತಿದ್ದ. ಕಣ್ಲಾ ಎಂದದ್ದು ಅದೇ ಮೊದಲು. ಆ ಸಸಿಗಳಿಗೆ ನಮ್ಮ ನೀರು ಎಷ್ಟು ಬೇಕಿತ್ತೋ, ನಮಗೆ ಆ ಸಸಿಗಳು ಅದಕ್ಕಿಂತ ಹೆಚ್ಚು ಬೇಕಿದ್ದವು. ಎದ್ದು ಉಳಿದ ಆರು ಸಸಿಗೆ ನೀರು ಹಾಕಿದೆವು.

ಎರಡೂವರೆ ತಿಂಗಳು ಅಲ್ಲಿದ್ದೆ. ಮುಖದಲ್ಲಿ ಮಾಂಸ ಬಂದಿತು, ನಿದ್ದೆ ಬಂದಿತು. ಊರಿಗೆ ಬಂದ ದಿನ ಮಗಳು ಶಾಲೆಯ ಚೀಲದ ಸಮೇತ ಬಂದು ತೊಡೆಯ ಮೇಲೆ ಕೂತು, ನನ್ನ ಬಾಯಿಯ ಹತ್ತಿರ ಮೂಗು ತಂದು ಮೂಸಿ ನೋಡಿದಳು. ಆಮೇಲೆ ತನ್ನ ಕಾಪಿಪುಸ್ತಕ ತೆಗೆದು ತೋರಿಸಲು ಶುರುಮಾಡಿದಳು. ಆಗ ನನಗಾದದ್ದನ್ನು ಬರೆಯಲು ಹೋಗುವುದಿಲ್ಲ.

ಆದರೆ ಕೆಲಸವಿರಲಿಲ್ಲ. ನಾಗಮಂಗಲದಲ್ಲಿ ಸಸಿಗಳಿದ್ದವು, ಇಲ್ಲಿ ಮತ್ತೆ ಅದೇ ಜಗಲಿ. ಮೂರು ದಿನ ತಡೆದೆ. ನಾಲ್ಕನೆಯ ದಿನ ಮಧ್ಯಾಹ್ನ, ಕುಡಿಯುವುದಿಲ್ಲ, ಸುಮ್ಮನೆ ಮಾತಾಡಿಸಿ ಬರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡು ಏರಿ ಹತ್ತಿದೆ. ಅದು ಪೂರ್ತಿ ಸುಳ್ಳೂ ಅಲ್ಲ. ಅವರನ್ನು ನೋಡಬೇಕೆನಿಸಿತ್ತು. ಇನ್ನೂ ದೂರವಿರುವಾಗಲೇ ಒಬ್ಬ ಕೈಯೆತ್ತಿ, ಬಂದ ಬಂದ ಎಂದ. ಜಾಗ ಮಾಡಿಕೊಟ್ಟರು.

ಜಾಬರು ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಗಲೇ ಅವರ ಕಣ್ಣು ಕೆಂಪಾಗಿತ್ತು.

"ಯಾಕ್ಲಾ ಬಂದೆ?"

ಮಾತಾಡಿಸಿಕೊಂಡು ಹೋಗಲು ಬಂದೆ ಎಂದೆ.

"ಮಾತಾಡ್ಸಾಕೆ ನೀನು ಯಾವೂರ ನೆಂಟ? ಎದ್ದೋಗು. ಇಲ್ಲಿ ನಿಂಗೆ ಜಾಗ ಇಲ್ಲ."

ಉಳಿದವರು ನಕ್ಕರು, ತಮಾಷೆ ಎಂದುಕೊಂಡು. ನಾನೂ ನಕ್ಕು ಕೂರಲು ಹೋದೆ. ಅವರು ಎದ್ದು ನನ್ನ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕಿದರು. ನಾನು ಏರಿಯ ಇಳಿಜಾರಿನಲ್ಲಿ ಎರಡು ಹೆಜ್ಜೆ ಜಾರಿ, ಹುಲ್ಲು ಹಿಡಿದು ನಿಂತೆ. ಅವರು ಮೇಲಿನಿಂದ, ನಾಗಮಂಗಲದ ನೀರು ಕುಡಿದು ದೊಡ್ಡ ಮನುಷ್ಯನಾಗಿದ್ದಾನೆ, ನಮ್ಮನ್ನು ಅಳೆಯಲು ಬಂದಿದ್ದಾನೆ ಎಂದು ಎಲ್ಲರಿಗೂ ಕೇಳುವಂತೆ ಬೈದರು. ಇನ್ನೂ ಕೆಲವು ಮಾತು ಆಡಿದರು. ನನ್ನ ತಾಯಿಯನ್ನು ಕುರ್ಚಿಯಲ್ಲಿ ಹೊತ್ತ ಮನುಷ್ಯ. ನಾನು ಇಳಿದು ಬಂದೆ. ಗಿರಣಿಯ ಗೇಟಿಗೆ ಬೀಗ ಬಿದ್ದ ದಿನಕ್ಕಿಂತ ಹೆಚ್ಚು ಅವಮಾನವಾಗಿತ್ತು. ಆ ಸಿಟ್ಟಿಗೆ ನೇರವಾಗಿ ಸಾರಾಯಿ ಅಂಗಡಿಗೇ ಹೋಗುತ್ತಿದ್ದೆನೇನೋ. ಆದರೆ ಆ ದಾರಿಯಲ್ಲೇ ಅಂಗನವಾಡಿ, ಅದು ಬಿಡುವ ಹೊತ್ತಾಗಿತ್ತು. ಹೆಂಡತಿ ಒಂದು ಮಗುವನ್ನು ಸೊಂಟದ ಮೇಲೆ, ಇನ್ನೊಂದನ್ನು ಕೈಹಿಡಿದು ಬರುತ್ತಿದ್ದಳು. ಸೊಂಟದ ಮೇಲಿನದನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಮನೆಮನೆಗೆ ಮಕ್ಕಳನ್ನು ಮುಟ್ಟಿಸಿ ಬಂದೆವು.

ಮಾರನೆಯ ದಿನ ಬೆಳಿಗ್ಗೆ ಏಳರ ಹೊತ್ತಿಗೆ ಜಾಬರು ನಮ್ಮ ಮನೆಯ ಮುಂದೆ ಬಂದು ನಿಂತಿದ್ದರು. ಸ್ನಾನ ಮಾಡಿದ್ದರು, ತೊಳೆದ ಅಂಗಿ ಹಾಕಿದ್ದರು. ನಾನು ಒಳಗೇ ಇದ್ದೆ, ಮುಖ ಕೊಡಲು ಮನಸ್ಸಿರಲಿಲ್ಲ. ಅವ್ವ ಕರೆದು ಕೂರಿಸಿ ಕಾಫಿ ಕೊಟ್ಟಳು. ಲೋಟ ತುಳುಕದಿರಲೆಂದು ಎರಡು ಕೈಯಲ್ಲೂ ಹಿಡಿದು ಕುಡಿದರು. ನಾನು ಹೊರಗೆ ಬಂದ ಮೇಲೆ, ನಿನ್ನೆಯ ಮಾತನ್ನೇ ಎತ್ತದೆ, ಪಾಂಡವಪುರದ ಹತ್ತಿರ ಒಂದು ಆಲೆಮನೆಯಲ್ಲಿ ಕಬ್ಬಿನ ಗಾಣ ಕೆಟ್ಟಿದೆಯಂತೆ, ನೋಡಿಕೊಂಡು ಬರಲು ಕರೆದಿದ್ದಾರೆ, ನನ್ನ ಕೈಯಲ್ಲಿ ಸ್ಪ್ಯಾನರು ನಿಲ್ಲುವುದಿಲ್ಲ, ನೀನು ಬಾ ಎಂದರು.

ದಾರಿಯಲ್ಲಿ ನಡೆಯುವಾಗ ಹೇಳಿದರು.

"ಬೆಳಿಗ್ಗೆ ಬಾ. ದಿನಾ ಬಾ. ಮಧ್ಯಾನದ ಮ್ಯಾಲೆ ಬರ್ಬ್ಯಾಡ. ಆಗ ನಾನು ನಾನಾಗಿರಾಕಿಲ್ಲ. ಬಾ ಕೂತ್ಕೊ, ಒಂದೇ ಒಂದು ಆಕು ಅಂದ್ಬುಡ್ತೀನಿ. ಅದ್ಕೇ ನಿನ್ನೆ ನೂಕಿದ್ದು."

ನಾನು ಅವರ ಕೈಯಲ್ಲಿದ್ದ ಸ್ಪ್ಯಾನರಿನ ಚೀಲ ತೆಗೆದುಕೊಂಡು ನಡೆದೆ.

ಆ ಗಾಣ ಹಳೆಯದು, ಮೂರು ಉರುಳೆಯದು. ಕಬ್ಬು ಕೊಟ್ಟರೆ ಕಟಕಟ ಎಂದು ನಿಂತುಬಿಡುತ್ತಿತ್ತು. ಜಾಬರು ಉದ್ದನೆಯ ಒಂದು ಸ್ಕ್ರೂಡ್ರೈವರಿನ ತುದಿಯನ್ನು ಗಾಣದ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಓಡಿಸಿ ಎಂದರು. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅದನ್ನು ನನ್ನ ಕಿವಿಗೆ ಕೊಟ್ಟು, ಏನು ಕೇಳಿಸುತ್ತದೆ ಎಂದರು. ಗದ್ದಲ ಎಂದೆ. ಇನ್ನೊಂದು ಸಲ ಕೇಳು ಎಂದರು. ನಾಲ್ಕೈದು ಸಲವಾದ ಮೇಲೆ ಗದ್ದಲದ ಒಳಗೆ ಒಂದು ಕಿರುಗುಟ್ಟುವ ಸಣ್ಣ ದನಿ ಬೇರೆಯಾಗಿ ಕೇಳಿಸಿತು. ಅದೇ ಎಂದರು. ಅವರು ಕೂತು ಹೇಳಿದಂತೆ ನಾನು ಬಿಚ್ಚಿದೆ. ಬೇರಿಂಗಿನ ಎರಡು ಗುಂಡು ಪುಡಿಯಾಗಿದ್ದವು, ಹಲ್ಲುಚಕ್ರದ ಒಂದು ಹಲ್ಲು ಸವೆದಿತ್ತು. ಹನ್ನೊಂದೂವರೆಯ ಹೊತ್ತಿಗೆ ಗಾಣ ತಿರುಗಿತು. ಕೊಪ್ಪರಿಗೆಯ ಹತ್ತಿರ ನಿಂತಿದ್ದವರು ನಮಗೆ ಒಂದೊಂದು ಲೋಟ ಹಾಲು ಕೊಟ್ಟರು. ಕಬ್ಬಿನ ಹಾಲು ಕುಡಿದು ಮುಗಿಸಿ, ಜಾಬರು ಸೂರ್ಯನ ಕಡೆ ನೋಡಿ, ನೀನು ಬಸ್ಸಿಗೆ ಹೋಗು ಎಂದರು. ಅವರು ಬೇರೆ ದಾರಿ ಹಿಡಿದರು. ನಾನು ಹಿಂದೆ ತಿರುಗಿ ನೋಡಲಿಲ್ಲ. ನೋಡಬಾರದೆಂದು ಅವರು ಹೇಳಿರಲಿಲ್ಲ, ಆದರೂ.

ಹಾಗೆ ನಮ್ಮ ಕೆಲಸ ಶುರುವಾಯಿತು. ಆ ಸುತ್ತಿನಲ್ಲಿ ಆಲೆಮನೆಗಳಿಗೆ ಬರವಿಲ್ಲ. ಒಂದರಿಂದ ಇನ್ನೊಂದಕ್ಕೆ ಸುದ್ದಿ ಹೋಯಿತು. ಗಾಣ ಇಲ್ಲದ ಕಾಲದಲ್ಲಿ ನೀರೆತ್ತುವ ಮೋಟರು, ಅಕ್ಕಿ ಗಿರಣಿಯ ಯಂತ್ರ. ಅವರು ಕಿವಿ, ನಾನು ಕೈ. ಬೆಳಿಗ್ಗೆ ಏಳಕ್ಕೆ ಶುರು, ಹನ್ನೆರಡಕ್ಕೆ ಮುಗಿತಾಯ. ಅರ್ಧಕ್ಕೆ ನಿಂತ ಕೆಲಸವನ್ನು ಮಧ್ಯಾಹ್ನ ನಾನೊಬ್ಬನೇ ಮುಂದುವರಿಸುತ್ತಿದ್ದೆ, ಎಡವಿದ್ದನ್ನು ಮರುದಿನ ಅವರು ತಿದ್ದುತ್ತಿದ್ದರು.

ನಾನು ಒಂದೇ ಏಟಿಗೆ ಗೆದ್ದೆ ಎಂದು ಯಾರೂ ತಿಳಿಯಬಾರದು. ಮರುವರ್ಷ ಕೆ.ಆರ್. ಪೇಟೆಯಲ್ಲಿ ನೆಂಟರ ಮದುವೆಯ ಬೀಗರ ಊಟಕ್ಕೆ ಹೋಗಿದ್ದೆ. ಹಳೆಯ ಪರಿಚಯದವನೊಬ್ಬ, ಈಗೇನು ನೀನು ಸರಿಯಾಗಿದ್ದೀಯಲ್ಲ, ಒಂದು ದಿನಕ್ಕೆ ಏನಾಗುತ್ತದೆ ಎಂದ. ನನಗೂ ಹಾಗೇ ಅನಿಸಿತು. ಆ ಮಧ್ಯಾಹ್ನ ಶುರುವಾದದ್ದು ಮೂರು ದಿನ ನಡೆಯಿತು. ಹೆಂಡತಿ ಮಗಳನ್ನು ಕರೆದುಕೊಂಡು ಮೊದಲೇ ಊರಿಗೆ ಹೋಗಿಬಿಟ್ಟಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಮನೆಗೆ ಹೋಗುವ ಧೈರ್ಯವಾಗದೆ ನೇರವಾಗಿ ಜಾಬರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಯಾರದೋ ಪಂಪು ಇಟ್ಟುಕೊಂಡು ಕೂತಿದ್ದರು. ಹೀಗಾಯಿತು ಎಂದೆ. ಇನ್ನು ನನ್ನ ಮುಖ ಅವಳಿಗೆ ಹೇಗೆ ತೋರಿಸಲಿ ಎಂದೆ.

"ತೋರ್ಸು. ತೋರಿಸ್ದೆ ಕೆಟ್ಟವನು ನಾನು," ಎಂದರು. ಪಂಪಿನ ಮೇಲಿನ ಮಣ್ಣು ಒರೆಸುತ್ತ ಹೇಳಿದರು, "ನಮ್ಮವಳು ಇದ್ದಾಗ ಇಂಗೇ ಒಂದ್ಸತಿ ನಾಕು ದಿನ ಮನೆಗೋಗ್ಲಿಲ್ಲ. ಬೈತಾಳೆ ಅಂತ ಎದ್ರಿಕೊಂಡು. ಅವಳು ಬೈಯಾಕೆ ಅಲ್ಲ, ಉಣ್ಣಾಕೆ ಇಕ್ಕಾಕೆ ಕಾದಿದ್ಲು ಅಂತ ಆಮ್ಯಾಕೆ ಗೊತ್ತಾಯ್ತು."

ಹೆಂಡತಿಯ ವಿಷಯ ಅವರು ಆಡಿದ್ದು ಅದೊಂದೇ ಸಲ. ಆಮೇಲೆ ಪಂಪಿನ ನಟ್ಟು ಬಿಚ್ಚಲು ಹೇಳಿದರು. ಅದು ತುಕ್ಕು ಹಿಡಿದು ಕೂತಿತ್ತು. ಬಿಚ್ಚುವಷ್ಟರಲ್ಲಿ ನನ್ನ ಮೈ ಬೆವೆತು ಹಗುರವಾಯಿತು. ಆಮೇಲೆ ಮನೆಗೆ ಹೋದೆ. ಹೆಂಡತಿ ಒಂದು ವಾರ ಮಾತಾಡಲಿಲ್ಲ. ಊಟಕ್ಕೆ ಮಾತ್ರ ಕರೆಯುತ್ತಿದ್ದಳು. ಆ ವಾರವೂ ಕಳೆಯಿತು. ಅದೇ ನನ್ನ ಕೊನೆಯ ಕುಡಿತ.

ಜಾಬರನ್ನು ಬಿಡಿಸಲು ನಾನು ಪ್ರಯತ್ನಪಡಲಿಲ್ಲವೇ ಎಂದು ಕೆಲವರು ಕೇಳಿದ್ದಾರೆ. ಪಟ್ಟೆ. ಒತ್ತಾಯ ಮಾಡಿ ನಾಗಮಂಗಲಕ್ಕೆ ಕರೆದುಕೊಂಡು ಹೋದೆ. ಷಡ್ಡಕ ನನಗೆ ಮಾಡಿದ್ದನ್ನೆಲ್ಲ ಅವರಿಗೂ ಮಾಡಿದ. ಎರಡು ದಿನ ಇದ್ದರು. ಮೂರನೆಯ ದಿನ ಬೆಳಿಗ್ಗೆ ಅತ್ತಿಗೆಗೆ ಕೈಮುಗಿದು, ಯಾರ ಮೇಲೂ ದೂರು ಹೇಳದೆ, ಬಸ್ಸು ಹತ್ತಿ ಬಂದುಬಿಟ್ಟರು. ಅವರ ಮಗಳೂ ತನ್ನ ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಂಡಿದ್ದಳು, ಅಲ್ಲಿಂದಲೂ ಬಂದರು. ಬೆಳಗಿನ ಐದು ತಾಸು ಅವರು ನನಗೆ ಕೊಟ್ಟರು. ಉಳಿದದ್ದನ್ನು ಕೊಡಲು ಅವರಿಂದ ಆಗಲಿಲ್ಲ. ಕಟ್ಟೆಯ ಉಳಿದವರಲ್ಲಿ ಇಬ್ಬರಿಗೆ ಮೈಸೂರಿನಲ್ಲಿ ಕಾವಲಿನ ಕೆಲಸ ಸಿಕ್ಕಿತು, ಒಬ್ಬ ಹೆಂಡತಿಯ ಊರಿಗೆ ಹೋಗಿ ನೆಲೆಸಿದ, ಮಿಕ್ಕವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಕೊನೆಕೊನೆಗೆ ಮಧ್ಯಾಹ್ನ ಜಾಬರು ಒಬ್ಬರೇ ಕೂತಿರುತ್ತಿದ್ದರು.

ದಶಕದ ಕೊನೆಯ ಚಳಿಗಾಲದಲ್ಲಿ ಅವರ ಹೊಟ್ಟೆಯಲ್ಲಿ ನೀರು ತುಂಬಿತು, ಕಾಲು ಊದಿತು. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಅವರ ಮಗಳು ಹಗಲು ಇರುತ್ತಿದ್ದಳು. ನಾನು ಬೆಳಿಗ್ಗೆ ಹೋಗಿ, ಅವರಿಗೆ ಮುಖ ತೊಳೆಸಿ, ಹೆಂಡತಿ ಕೊಟ್ಟುಕಳಿಸಿದ ಉಪ್ಪಿಲ್ಲದ ಗಂಜಿ ಕುಡಿಸಿ ಬರುತ್ತಿದ್ದೆ. ಯಾವ ಗಾಣ ಬಂದಿದೆ, ಏನಾಗಿದೆ ಎಂದು ವಿಚಾರಿಸುತ್ತಿದ್ದರು. ಹೇಳಿದರೆ, ಹೀಗೆ ಮಾಡು ಎನ್ನುತ್ತಿದ್ದರು. ಹತ್ತು ದಿನಕ್ಕೆ ಅದೂ ನಿಂತಿತು. ಒಂದು ಮುಂಜಾನೆ ನಾನು ಹೋಗುವ ಮೊದಲೇ ತೀರಿಕೊಂಡಿದ್ದರು.

ಅವರ ಊರಿನ ಹೊಲದಲ್ಲಿ ಮಣ್ಣು ಮಾಡಿದೆವು. ಮೈಸೂರಿನಿಂದ ಕಾವಲಿನವರಿಬ್ಬರೂ ಬಂದಿದ್ದರು, ಹೆಂಡತಿಯ ಊರಿಗೆ ಹೋಗಿದ್ದವನೂ ಬಂದ. ನಾಗಮಂಗಲದಿಂದ ಷಡ್ಡಕ ರಜೆ ಹಾಕಿ ಬಂದು, ಎರಡು ದಿನ ಮಾತ್ರ ಕಂಡಿದ್ದ ಮನುಷ್ಯನ ಚಟ್ಟಕ್ಕೆ ಹೆಗಲು ಕೊಟ್ಟ. ಸಮಾಧಿಗೆ ಹಾಲುತುಪ್ಪ ಬಿಟ್ಟ ದಿನ ನಾವೇ ಸೇರಿ ಆ ಒಂದು ಕೋಣೆಯ ಮನೆಗೆ ಸುಣ್ಣ ಹೊಡೆದೆವು, ಮಗಳು ಹೊಸ್ತಿಲು ತೊಳೆದು ಬಾಗಿಲು ಹಾಕಿಕೊಂಡು ಹೋದಳು.

ಮಾರನೆಯ ದಿನವೇ ಅಕ್ಕಿಹೆಬ್ಬಾಳಿನ ಕಡೆಯ ಆಲೆಮನೆಯವರು ಟ್ರಾಕ್ಟರು ತಂದು ನಿಲ್ಲಿಸಿದರು. ಕಬ್ಬು ಕಡಿದು ರಾಶಿ ಹಾಕಿದೆ, ಗಾಣ ತಿರುಗುತ್ತಿಲ್ಲ, ಒಣಗಿಹೋಗುತ್ತದೆ ಎಂದರು. ಹೋದೆ. ಮೊದಲ ಸಲ ಬೆಲ್ಟಿನದೇ ದೋಷ ಎಂದು ಅದನ್ನು ಬಿಗಿ ಮಾಡಿದೆ, ಗಾಣ ಹತ್ತು ಸುತ್ತು ತಿರುಗಿ ಮತ್ತೆ ನಿಂತಿತು. ಆಲೆಮನೆಯವರು ಮುಖಮುಖ ನೋಡಿಕೊಂಡರು. ಎಲ್ಲರನ್ನೂ ಸ್ವಲ್ಪ ಸುಮ್ಮನಿರಿ ಎಂದು, ಇನ್ನೊಂದು ಸಲ ಓಡಿಸಲು ಹೇಳಿ, ಸ್ಕ್ರೂಡ್ರೈವರಿನ ಹಿಡಿಗೆ ಕಿವಿ ಕೊಟ್ಟು ಕೇಳಿದೆ. ದನಿ ಬಂದದ್ದು ನಡುವಿನ ಉರುಳೆಯ ಬಲಗಡೆಯಿಂದ. ಬಿಚ್ಚಿ ಸರಿಮಾಡುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು. ಅವರ ಮನೆಯಲ್ಲೇ ಊಟ ಮಾಡಿ, ಹೇಮಾವತಿ ಹೊಳೆಯಲ್ಲಿ ಕೈಕಾಲಿನ ಗ್ರೀಸು ತೊಳೆದುಕೊಂಡು, ಬಸ್ಸಿಗೆ ಬಂದು ನಿಂತೆ.